ಪ್ರವಾಸದ ಪಿಂಗಾಣಿ ಗೊಂಬೆ, ಹುಬ್ಬಳ್ಳಿಯ ಧೂಳು

ತೊಳೆಯುವ ಮೊದಲು ಗೊಂಬೆ ಯಾವುದರದ್ದೆಂದು ಗುರುತಿಸಿ. ತೆಳುವಾದ ಭಾಗದ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಪಿಂಗಾಣಿಯಲ್ಲಿ ಬೆಳಕು ಮಂದವಾಗಿ ಹಾಯುತ್ತದೆ. ಜೈಪುರದಿಂದ ತಂದ ನೀಲಿ ಸಾಮಾನು ಪಿಂಗಾಣಿಯಲ್ಲ, ಕ್ವಾರ್ಟ್ಸ್ (ಬೆಣಚುಕಲ್ಲು) ಪುಡಿಯದ್ದು, ನೀರಲ್ಲಿ ನೆನೆಸಬೇಡಿ. ತಳದಲ್ಲಿ ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಕತ್ತಿಗಳ ನೀಲಿ ಚಿತ್ರವಿದ್ದರೆ ಅದು ಜರ್ಮನಿಯ ಮೈಸೆನ್ ಕಾರ್ಖಾನೆಯ ಗುರುತು. 1710ರಲ್ಲಿ ಶುರುವಾದ ಕಾರ್ಖಾನೆ ಅದು. ನಕಲು ಗುರುತುಗಳೇ ಬಹಳ, ಅದೊಂದನ್ನೇ ನಂಬಿ ದುಡ್ಡು ಸುರಿಯಬೇಡಿ.

ಹುಬ್ಬಳ್ಳಿ-ಧಾರವಾಡದ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಒಣ ಅರಿವೆಯಿಂದ ತಿಕ್ಕಿದರೆ ಮೊದಲು ಹೋಗುವುದು ಚಿನ್ನದ ಗೆರೆ. ಮೆತ್ತನೆಯ ಜಲವರ್ಣದ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಧೂಳು ಉದುರಿಸಿ, ಆಮೇಲೆ ನೀರು.

ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಮಡಚಿದ ಟವೆಲ್ ಹಾಸಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಉಂಗುರ, ಬಳೆ ತೆಗೆದಿಡಿ. ತಳದ ತೂತಿಗೆ ಟೇಪ್ ಅಂಟಿಸಿ. ಒಳಗೆ ನೀರು ಉಳಿದರೆ ವಾರಗಟ್ಟಲೆ ಜಿನುಗುತ್ತದೆ. ಒಮ್ಮೆಗೆ ಒಂದೇ ಗೊಂಬೆ, ಹಿಡಿಯುವುದು ಸೊಂಟದಲ್ಲಿ, ಚಾಚಿದ ಕೈಯಲ್ಲಲ್ಲ. ನಲ್ಲಿಯ ಕೆಳಗಂತೂ ಬೇಡ, ಬೆರಳು ಮುರಿಯುವುದು ಅಲ್ಲೇ. ಬೋರ್ ನೀರು ಬಿಳಿ ಕಲೆ ಬಿಡುತ್ತದೆ, ಕೊನೆಯ ಜಾಲಾಟಕ್ಕೆ ಆರ್‌ಒ ಫಿಲ್ಟರ್ ನೀರು ಬಳಸಿ. ಮೊದಲೇ ಮುರಿದು ಅಂಟು ಹಚ್ಚಿದ ಗೊಂಬೆಗೆ ಒದ್ದೆ ಬ್ರಶ್ಶೇ ಸಾಕು.

ಊರು, ತಾರೀಕು, ಬೆಲೆ, ಜೊತೆಗಿದ್ದವರ ಹೆಸರು ಇವನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಗೊಂಬೆಯ ಕೆಳಗಿಡಿ. ಹೊಳಪಿಲ್ಲದ ತಳಕ್ಕೆ ಮಾರ್ಕರ್ ತಾಗಿಸಿದರೆ ಶಾಯಿ ಹೀರಿಕೊಂಡು ಬಿಡುತ್ತದೆ. ಅಂಗಡಿಯ ಬಿಲ್ಲನ್ನೇ ನೆನಪಿಗೆಂದು ಇಟ್ಟವರು ಅದರ ವಿವರವನ್ನೂ ನಕಲು ಮಾಡಿಕೊಳ್ಳಿ. ಬಿಲ್ಲಿನ ಥರ್ಮಲ್ (ಶಾಖದಿಂದ ಅಚ್ಚಾಗುವ) ಕಾಗದದ ಅಕ್ಷರ ಮಾಸಿ ಹೋಗುತ್ತದೆ.