ಕ್ಯಾಂಟೀನ್ ಚಮಚದ ಉಂಗುರ: ಸುತ್ತಿಗೆ ಬಿಟ್ಟ ಮೇಲೆ ಕೈಗೆ ಬಂದ ಕೆಲಸ

ಚಮಚದ ಹಿಡಿಯನ್ನು ಬಾಗಿಸಿ ಉಂಗುರ ಮಾಡಬೇಕಾದರೆ ಇ.ಪಿ.ಎನ್.ಎಸ್. ಎಂಬ ಬೆಳ್ಳಿ ಲೇಪದ ಚಮಚವೇ ಬೇಕು, ಸ್ಟೀಲಿನಲ್ಲಿ ಆಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಗರ್ತಪೇಟೆಯಲ್ಲಿ ನಾನು ಸಾಮಾನು ತರುವ ಅಂಗಡಿಯ ಪಕ್ಕ ಒಬ್ಬರು ಹಿರಿಯ ಅಕ್ಕಸಾಲಿಗರು ಕೂರುತ್ತಾರೆ. ಅವರು ಒಂದು ಸ್ಟೀಲ್ ಚಮಚವನ್ನು ಹಿಡಿದು, ಬಾಗಿಸಿ ನೋಡಿ, "ಇದು ಮಾತು ಕೇಳೋ ಲೋಹ ಅಲ್ಲಪ್ಪ, ಸುಮ್ನೆ ಕೈ ನೋಯಿಸ್ಕೋತೀಯ" ಎಂದು ವಾಪಸ್ ಕೊಟ್ಟಿದ್ದರು. ಈಗ ಅವರ ಮೊಮ್ಮಗಳ ಬೆರಳಿನಲ್ಲಿ ನಾನು ಮಾಡಿಕೊಟ್ಟ ಸ್ಟೀಲ್ ಉಂಗುರ ಇದೆ. ಹೋದಾಗಲೆಲ್ಲ "ಆಚಾರ್ರೆ, ಸಡಿಲ ಆಯ್ತಾ?" ಎಂದು ಕೇಳುತ್ತೇನೆ. ಆಗಿಲ್ಲ.

ನನ್ನದು ಪೀಣ್ಯದಲ್ಲಿ ಫಿಟ್ಟರ್ ಕೆಲಸ. ಬಿಗಿದು ಹಿಡಿಯುವ ವೈಸ್, ಅರ, ಉಜ್ಜುವ ಎಮೆರಿ ಕಾಗದ, ಹೊಳಪು ಕೊಡುವ ಬಫ್ ಇವೆಲ್ಲ ನಿಮಗೂ ಗೊತ್ತಿರುವ ಸಾಮಾನೇ. ಹಾಗಾಗಿ ಹೇಗೆ ಕತ್ತರಿಸುವುದು, ಅಂಚು ಹೇಗೆ ತೆಗೆಯುವುದು ಎಂದೆಲ್ಲ ಬರೆಯುವುದಿಲ್ಲ. ಎಲ್ಲಿ ದುಡ್ಡು ಹೋಯಿತು, ಯಾವುದು ಕೈಕೊಟ್ಟಿತು, ಯಾವುದು ನಿಂತಿತು, ಅದನ್ನು ಹೇಳುತ್ತೇನೆ.

ಶುರು ಮಾಡಿದ್ದು ಎಲ್ಲರ ಹಾಗೆ ಇ.ಪಿ.ಎನ್.ಎಸ್.ನಿಂದಲೇ. ಬೆಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. ದಂಡಿನ ಕಡೆಯ ಹಳೇ ಬಂಗಲೆಗಳು, ಕೊಡಗು ಚಿಕ್ಕಮಗಳೂರಿನ ಎಸ್ಟೇಟ್ ಮನೆಗಳು ಖಾಲಿಯಾದಾಗ ಇಂಗ್ಲೆಂಡಿನ ಶೆಫೀಲ್ಡ್ ಮುದ್ರೆಯ ಚಮಚ, ಫೋರ್ಕುಗಳು ಸಂಡೇ ಬಜಾರಿಗೆ ಬಂದು ಬೀಳುತ್ತವೆ. ಬೆಳಿಗ್ಗೆ ಆರೂವರೆಗೆ ಹೋದರೆ ಒಂದಕ್ಕೆ 150 ರೂಪಾಯಿ ಹೇಳುತ್ತಾರೆ. ಒಂಬತ್ತಕ್ಕೆ ಹೋದರೆ ಅದೇ ಚಮಚ 300. ಕಿಂಗ್ಸ್ ಪ್ಯಾಟರ್ನ್ ಸಿಕ್ಕಿದರೆ 400ಕ್ಕೂ ಬಿಡುವುದಿಲ್ಲ. ಹಿಡಿಯ ತುದಿಯಲ್ಲಿ ಚಿಪ್ಪು, ಬಳ್ಳಿ ಎಲ್ಲ ಇರುವ ಆ ವಿನ್ಯಾಸ ಉಂಗುರಕ್ಕೆ ಬಹಳ ಚೆಂದ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಅದರ ತಾಪತ್ರಯ ಏನೆಂದರೆ, ಹೆಸರಿಗೆ ಬೆಳ್ಳಿ, ಒಳಗೆಲ್ಲ ಜರ್ಮನ್ ಸಿಲ್ವರ್. ಅಂದರೆ ತಾಮ್ರ, ಸತು, ನಿಕ್ಕಲ್. ಮೇಲಿನ ಲೇಪ ತೆಳು. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಮನೆತನದವರು 1840ರಲ್ಲಿ ಈ ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದಿದ್ದರು. ಅಂದಿನಿಂದ ಇಂದಿನವರೆಗೆ ಊಟದ ಮೇಜಿನ ಮೇಲೆ ಉಜ್ಜಿ ಉಜ್ಜಿ ಲೇಪ ಸವೆದಿರುತ್ತದೆ. ಎಲ್ಲಿ ಸವೆದಿದೆಯೋ ಅಲ್ಲಿ ಬೆರಳು ಹಸಿರಾಗುತ್ತದೆ. ನಿಕ್ಕಲ್ ಆಗದವರಿಗೆ ತುರಿಕೆಯೂ ಬರುತ್ತದೆ. ನಾನು ಕೊಟ್ಟ ಉಂಗುರಗಳಲ್ಲಿ ಹತ್ತಕ್ಕೆ ಒಂದಾದರೂ ಹೀಗೆ ವಾಪಸ್ ಬರುತ್ತಿತ್ತು. ದುಡ್ಡು ವಾಪಸ್ ಕೊಟ್ಟರೆ ಚಮಚದ ಬೆಲೆಯೂ ನಮ್ಮ ತಲೆ ಮೇಲೆ. ಮತ್ತೆ ಬೆಳ್ಳಿ ಲೇಪ ಹಾಕಿಸಿದರೆ ಒಂದಕ್ಕೆ 80, 100 ಆಗುತ್ತದೆ. ಉಳಿಯುವುದೇನು?

ಬೆಂಕಿ ಹಿಡಿದರಂತೂ ಲೇಪ ಮಂಕಾಗುತ್ತದೆ. ಹುಣಸೆ ನೀರಿನಲ್ಲಿ ಕುದಿಸಿದರೆ ಸ್ವಲ್ಪ ಹೊಳಪು ಬರುತ್ತದೆ, ಮೊದಲಿನ ಹಾಗಲ್ಲ. ಇನ್ನೊಂದು ಎಚ್ಚರಿಕೆ. ಹಿಂದೆ ಇ.ಪಿ.ಬಿ.ಎಂ. ಎಂದು ಮುದ್ರೆ ಇದ್ದರೆ ಅದಕ್ಕೆ ಬೆಂಕಿ ತೋರಿಸಲೇಬೇಡಿ. ಅದು ತವರದ ಮಿಶ್ರಣ. ಕೆಂಪಗಾಗುವ ಮಾತೇ ಇಲ್ಲ, ಕಣ್ಣೆದುರೇ ಮುದ್ದೆಯಾಗಿ ತೊಟ್ಟಿಕ್ಕುತ್ತದೆ. ಎನ್.ಎಸ್. ಮತ್ತು ಬಿ.ಎಂ. ನಡುವಿನ ಎರಡು ಅಕ್ಷರದ ವ್ಯತ್ಯಾಸಕ್ಕೆ ನನ್ನ ಒಂದು ಒಳ್ಳೆಯ ಜೋಡಿ ಹೋಗಿದೆ. ಹಾಗೆಯೇ ಟೊಳ್ಳು ಹಿಡಿಯ ಚಾಕುಗಳು. ಒಳಗೆ ಅರಗಿನಂಥದ್ದು ತುಂಬಿರುತ್ತಾರೆ. ಕಾಯಿಸಿದರೆ ಸಿಡಿಯುತ್ತದೆ. ಚಾಕು ಬಿಟ್ಟುಬಿಡಿ.

ಹೀಗಿರುವಾಗ ನಮ್ಮ ಕಂಪನಿ ಪಕ್ಕದ ಗುಜರಿ ಅಂಗಡಿಗೆ ಯಾವುದೋ ಕ್ಯಾಂಟೀನಿನ ಹಳೇ ಚಮಚ, ಫೋರ್ಕು ಒಂದು ಚೀಲ ಬಂದಿತ್ತು. ಕಿಲೋಗೆ ನೂರು ಚಿಲ್ಲರೆ ರೂಪಾಯಿ. ಉಪ್ಪಿಟ್ಟಿನ ಜೊತೆ ಕೊಡುವ ತೆಳ್ಳಗಿನ ಚಮಚ ಅಲ್ಲ, ಹಿಡಿಯೇ ಎರಡು ಎಂ.ಎಂ. ದಪ್ಪ ಇರುವ ಭಾರದ ಮಾಲು. ತುದಿಯಲ್ಲಿ ಚಿಕ್ಕ ಬಳ್ಳಿ ಅಚ್ಚು. ಕಿಲೋಗೆ ಇಪ್ಪತ್ತರ ಮೇಲೆ ಬರುತ್ತವೆ. ಅಂದರೆ ಒಂದು ಚಮಚ ಐದಾರು ರೂಪಾಯಿಗೆ ಬಿತ್ತು. ಸಂಡೇ ಬಜಾರಿನ 300 ಎಲ್ಲಿ, ಇದು ಎಲ್ಲಿ!

ಸ್ಟೀಲ್ ಮೊದಮೊದಲು ಕಾಡಿದ್ದು ನಿಜ. ಸುತ್ತಿಗೆ ಏಟಿಗೆ ಅದು ದುಂಡಗೆ ಬಾಗುವುದಿಲ್ಲ. ಒಂದೊಂದು ಏಟಿಗೆ ಒಂದೊಂದು ಮೂಲೆ ಬರುತ್ತದೆ. ಮರದ ಕೊಡತಿಯಲ್ಲಿ ಹೊಡೆದರೆ ಬಾಗಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಜಾಸ್ತಿ ಹೊಡೆದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಅಚ್ಚಿನ ಬಳ್ಳಿಯೂ ಚಪ್ಪಟೆ. ಕೊನೆಗೆ ಉಳಿಯುವುದು ಸೊಟ್ಟ ಬಳೆಯ ಚೂರು.

ಗ್ಯಾಸ್ ಟಾರ್ಚಿನಲ್ಲಿ ಕಾಯಿಸುವ ದಾರಿಯೂ ದಂಡ. ಸ್ಟೀಲಿನ ಹಲವು ಜಾತಿಗಳು ನಿಜಕ್ಕೂ ಮೆತ್ತಗಾಗಬೇಕಾದರೆ ಸಾವಿರ ಡಿಗ್ರಿ ದಾಟಬೇಕು, ಕೂಡಲೇ ತಣಿಸಬೇಕು. ನಮ್ಮ ಟಾರ್ಚು ಅರ್ಧ ದಾರಿಗೆ ನಿಲ್ಲುತ್ತದೆ. ಹಾಗೆ ಅರೆಬೆಂದ ಉಂಗುರ ಮೇಲಕ್ಕೆ ಹೊಳೆಯುತ್ತದೆ, ಆದರೆ ತಿಂಗಳೊಳಗೆ ಬೆವರಿಗೆ ತುಕ್ಕಿನ ಚುಕ್ಕೆ ಏಳುತ್ತದೆ. ಸ್ಟೈನ್‌ಲೆಸ್ ಎಂದು ಮಾರಿದ್ದಕ್ಕೆ ತುಕ್ಕು ಬಂದರೆ ಗಿರಾಕಿಗೆ ಏನು ಹೇಳುವುದು? ಬಾಗಿಸಲು ಬೆಂಕಿ ಹಿಡಿಯುವುದನ್ನು ಅಲ್ಲಿಗೇ ಬಿಟ್ಟೆ.

ದಾರಿ ತೋರಿಸಿದ್ದು ಅಯಸ್ಕಾಂತ. ಚೀಲದ ಚಮಚಗಳಲ್ಲಿ ಕೆಲವು ಸಲೀಸಾಗಿ ಬಾಗುತ್ತಿದ್ದವು, ಕೆಲವು ಜಪ್ಪಯ್ಯ ಅಂದರೂ ಬಾಗುತ್ತಿರಲಿಲ್ಲ. ನೋಡಲು ಎಲ್ಲ ಒಂದೇ. ಅಯಸ್ಕಾಂತ ಹಿಡಿದು ನೋಡಿದೆ. ಗಟ್ಟಿಯಾಗಿ ಅಂಟಿದವೇ ಬಾಗುವವು! ಅವು 430 ಎಂಬ ಗ್ರೇಡಿನ ಸ್ಟೀಲು. ಪೇಟೆಯಲ್ಲಿ ಅಯಸ್ಕಾಂತಕ್ಕೆ ಅಂಟಿದರೆ ಕಳಪೆ ಸ್ಟೀಲು ಎಂದು ಮೂಗು ಮುರಿಯುತ್ತಾರೆ. ಪಾತ್ರೆಗೆ ಆ ಮಾತು ಇರಲಿ, ಉಂಗುರಕ್ಕೆ ಅದೇ ಚಿನ್ನ. ಅಂಟದವುಗಳಲ್ಲಿ ಎರಡು ಜಾತಿ. 304 ಆದರೆ ಸ್ವಲ್ಪ ಹೆಚ್ಚು ಜೋರು ಬೇಕು, ಆಗುತ್ತದೆ. 202 ಆದರೆ ಬಾಗಿಸುತ್ತಿದ್ದ ಹಾಗೆಯೇ ಕಲ್ಲಾಗುತ್ತದೆ. ಅದನ್ನು ನಾನು ಮುಟ್ಟುವುದೇ ಇಲ್ಲ, ಗುಜರಿಗೇ ವಾಪಸ್. ಇವೆರಡನ್ನು ಬೇರೆ ಮಾಡಲು ಪರೀಕ್ಷೆಯ ದ್ರಾವಣ ಸಿಗುತ್ತದೆ. ನನಗೀಗ ಅದೂ ಬೇಡ, ಕೈಯಲ್ಲಿ ಒಂದು ಸಲ ಒತ್ತಿದರೆ ತಿಳಿಯುತ್ತದೆ.

430ರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ಅದರಲ್ಲಿ ನಿಕ್ಕಲ್ ಸೇರಿಸಿರುವುದಿಲ್ಲ. ತುರಿಕೆಯ ದೂರು ನಿಂತೇಹೋಯಿತು. ಇ.ಪಿ.ಎನ್.ಎಸ್. ಉಂಗುರ ಹಾಕಿ ಬೆರಳು ಕೆಂಪಾಗಿದ್ದ ಒಬ್ಬ ಟೀಚರಮ್ಮ ಈಗ ವರ್ಷದಿಂದ ಐದು ರೂಪಾಯಿ ಚಮಚದ ಉಂಗುರವನ್ನೇ ಹಾಕುತ್ತಿದ್ದಾರೆ. ಬೆಲೆ ಜಾಸ್ತಿ ಇದ್ದದ್ದು ಬೆರಳಿಗೆ ಆಗಲಿಲ್ಲ, ಗುಜರಿಯದು ಆಯಿತು.

ಈಗ ಬಾಗಿಸುವ ವಿಷಯ. ಹೊಡೆಯಬೇಡಿ, ಒತ್ತಿ. ಇಷ್ಟೇ ಗುಟ್ಟು. ನೈಲಾನ್ ಬ್ಲಾಕಿನಲ್ಲಿ ಅರ್ಧ ದುಂಡಗೆ ಒಂದು ಗ್ರೂವ್, ಅಂದರೆ ತೋಡು, ಹೊಡೆಸಿಕೊಂಡೆ. ಚಮಚದ ತುಂಡನ್ನು ಅದರ ಮೇಲಿಟ್ಟು, ಮೇಲಿಂದ ಒಂದು ರಾಡ್ ಇಟ್ಟು, ಎರಡನ್ನೂ ಸೇರಿಸಿ ವೈಸಿನಲ್ಲಿ ನಿಧಾನಕ್ಕೆ ಬಿಗಿಯುತ್ತೇನೆ. ಅಚ್ಚು ನೈಲಾನಿನ ಕಡೆಗೆ ಇರುವುದರಿಂದ ಗೀರು ಬೀಳುವುದಿಲ್ಲ. ರಾಡನ್ನು ನಾನೇ ಲೇತಿನಲ್ಲಿ 12ರಿಂದ 18 ಎಂ.ಎಂ.ವರೆಗೆ ಅರ್ಧರ್ಧ ಎಂ.ಎಂ. ಮೆಟ್ಟಿಲಾಗಿ ತಿರುಗಿಸಿಕೊಂಡಿದ್ದೇನೆ. ಬೆರಳಿಗೆ 17 ಎಂ.ಎಂ. ಒಳ ಅಡ್ಡಳತೆ ಬೇಕಾದರೆ 430 ಚಮಚಕ್ಕೆ 15ರ ಮೆಟ್ಟಿಲು, 304 ಆದರೆ 14ಕ್ಕಿಂತ ಒಂದು ಕೂದಲು ಕೆಳಗೆ. ಬಿಟ್ಟ ಕೂಡಲೇ ಬಿಚ್ಚಿಕೊಂಡು ಸರಿಯಾದ ಅಳತೆಗೆ ಬಂದು ನಿಲ್ಲುತ್ತದೆ. ನಿಮ್ಮ ಚಮಚದ ದಪ್ಪಕ್ಕೆ ತಕ್ಕ ಹಾಗೆ ಅರ್ಧ ಆಚೆ ಈಚೆ ಆಗಬಹುದು.

ಎರಡನೆಯದು, ತುದಿಗಳನ್ನು ಮೊದಲು ಬಾಗಿಸಬೇಕು. ನಡುವಿನಿಂದ ಶುರು ಮಾಡಿದರೆ ತುದಿಗಳೆರಡೂ ನೇರ ಉಳಿದು, ಉಂಗುರ ಹಲಸಿನ ಬೀಜದ ಆಕಾರಕ್ಕೆ ಬರುತ್ತದೆ. ಆಮೇಲೆ ಏನು ಮಾಡಿದರೂ ದುಂಡಗಾಗುವುದಿಲ್ಲ. ಎರಡು ತುದಿ ಕಾಲು ಸುತ್ತು, ಆಮೇಲೆ ನಡು, ಕೊನೆಗೆ ಎರಡು ಗ್ರೂವ್‌ಗಳ ನಡುವೆ ಇಟ್ಟು ಮುಚ್ಚುವುದು. ಮುಚ್ಚುವಾಗ ಒಳಗೆ ಒಂದು ವಸ್ತು ಇಡುತ್ತೇನೆ, ಅದರಿಂದಲೇ ತುದಿಗಳು ಕೂಡಿದ ಜಾಗ ಉಬ್ಬುವುದಿಲ್ಲ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ, ಗ್ರೂವಿನ ಆಳವನ್ನೂ ಬರೆಯುವುದಿಲ್ಲ. ಒಂದಷ್ಟು ಚಮಚ ಕಳೆದು ಕಂಡುಕೊಂಡದ್ದು. ನೀವೂ ಒಂದು ಕಿಲೋ ಗುಜರಿ ತಂದು ಕೂತರೆ ಸಿಗುತ್ತದೆ.

ಉದ್ದದ ಲೆಕ್ಕ ಸುಲಭ. ನಮ್ಮ ದೇಶದ ಉಂಗುರದ ಸೈಜಿಗೆ 40 ಸೇರಿಸಿದರೆ ಒಳಸುತ್ತು ಎಂ.ಎಂ.ನಲ್ಲಿ ಬರುತ್ತದೆ. ಅದಕ್ಕೆ ದಪ್ಪದ ಮೂರರಷ್ಟು ಸೇರಿಸಿ. 12ರ ಸೈಜು, ಎರಡು ಎಂ.ಎಂ. ದಪ್ಪ ಅಂದರೆ 58. ತುದಿಗಳು ಒಂದರ ಪಕ್ಕ ಒಂದು ದಾಟಿ ಹೋಗುವ ಮಾದರಿ ಆದರೆ ಇನ್ನೂ ಹತ್ತು ಎಂ.ಎಂ. ಬಿಡಿ. ಕತ್ತರಿಸಿದ ತುದಿಯನ್ನು ಬಾಗಿಸುವ ಮೊದಲೇ ದುಂಡು ಮಾಡಿ, 800ರ ಎಮೆರಿವರೆಗೆ ಮುಗಿಸಿಬಿಡಿ. ಬಾಗಿದ ಮೇಲೆ ಅಲ್ಲಿಗೆ ಅರ ಹೋಗುವುದಿಲ್ಲ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ರಾಡ್ ಮತ್ತು ನೈಲಾನಿಗೆ ಎಸ್.ಜೆ.ಪಿ. ರಸ್ತೆಯಲ್ಲಿ 700, 800 ಆಯಿತು. ವೈಸ್ ಮನೆಯಲ್ಲೇ ಇತ್ತು, ಇಲ್ಲದಿದ್ದರೆ ಇನ್ನೊಂದು ಎರಡು ಸಾವಿರ. ಒಂದು ಉಂಗುರಕ್ಕೆ ಚಮಚ 6, ಎಮೆರಿ 5, ಬಫಿಂಗ್ ಹೊರಗೆ ಕೊಟ್ಟರೆ 15, ಡಬ್ಬಿ 12. ಒಟ್ಟು 40 ರೂಪಾಯಿ ದಾಟುವುದಿಲ್ಲ. ಮೊದಲು ಒಂದು ಉಂಗುರಕ್ಕೆ ಗಂಟೆ ಮೇಲೆ ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷ. 350ಕ್ಕೆ ಮಾರುತ್ತೇನೆ. ಚೌಕಾಸಿ ಮಾಡಿದರೆ 300. ಅದಕ್ಕಿಂತ ಕೆಳಗೆ ಕೊಡುವುದಿಲ್ಲ.

ಮಾರುವುದೇ ಕಷ್ಟದ ಕೆಲಸ ಅಲ್ವಾ? ಒಂದು ಬೊಟಿಕ್‌ನವರು ಮಾರಿದ ಮೇಲೆ ದುಡ್ಡು ಕೊಡುತ್ತೇವೆ ಎಂದು ಮೂವತ್ತು ಚಿಲ್ಲರೆ ಉಂಗುರ ಇಟ್ಟುಕೊಂಡರು. ಅರ್ಧ ಮಾರಾಟವಾದವು, ದುಡ್ಡು ಬರಲಿಲ್ಲ. ಉಳಿದರ್ಧ ಡಬ್ಬಿ ಇಲ್ಲದೆ ಗೀರು ಬಿದ್ದು ವಾಪಸ್ ಬಂದವು. ಆಮೇಲಿಂದ ಕೈಯಿಂದ ಕೈಗೆ ಮಾತ್ರ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಕರಕುಶಲ ಮೇಳ ನಡೆದಾಗ ಗೆಳೆಯರೊಬ್ಬರ ಮಣ್ಣಿನ ಸಾಮಾನಿನ ಮಳಿಗೆಯಲ್ಲಿ ಒಂದು ಮೂಲೆ ಹಿಡಿದೆ. ಬಾಡಿಗೆಯಲ್ಲಿ ಕಾಲು ಭಾಗ ನನ್ನದು. ಒಂದು ಉಪಾಯ ಅಲ್ಲಿ ಕೆಲಸ ಮಾಡಿತು. ಉಂಗುರದ ಪಕ್ಕ ಅದೇ ಅಚ್ಚಿನ ಇಡೀ ಚಮಚ ಇಟ್ಟೆ. ಜನ ಚಮಚ ನೋಡುತ್ತಾರೆ, ಉಂಗುರ ನೋಡುತ್ತಾರೆ, ಮತ್ತೆ ಚಮಚ ನೋಡುತ್ತಾರೆ, ಪರ್ಸ್ ತೆಗೆಯುತ್ತಾರೆ.

ಈ ನಡುವೆ ಏನೇನೋ ಮಾಡಿ ನೋಡಿದ್ದೇನೆ. ಟೀ ಚಮಚದ ಸಣ್ಣ ಹಿಡಿಯಿಂದ ಕಾಲುಂಗುರ ಬಹಳ ಚೆನ್ನಾಗಿ ಬಂತು. ಹುಡುಗಿಯರು ತೆಗೆದುಕೊಂಡರು. ಮದುವೆಯಾದ ಹೆಂಗಸರು ಮುಟ್ಟಿ ನೋಡಿ, ಬೆಳ್ಳಿಯದಲ್ಲ ಎಂದು ಇಟ್ಟುಬಿಟ್ಟರು. ಅದು ಅವರ ನಂಬಿಕೆಯ ವಿಷಯ, ಅಲ್ಲಿ ಮಾರುವ ಮಾತಾಡಬಾರದು. ಟಾರ್ಚಿನಲ್ಲಿ ಹದವಾಗಿ ಕಾಯಿಸಿ ಬಂಗಾರದ ಬಣ್ಣ, ನೀಲಿ ಬಣ್ಣ ತರಿಸಿದೆ. ನೋಡಲು ನವಿಲಿನ ಕತ್ತು. ಆದರೆ ಬೆರಳಿನ ಒರಸಿಗೆ ಒಂದೆರಡು ತಿಂಗಳಲ್ಲಿ ಹೋಗುತ್ತದೆ, ಹಾಗಾಗಿ ಬಣ್ಣದ್ದನ್ನು ಕಿವಿಯ ಲೋಲಕಕ್ಕೆ ಮಾತ್ರ ಮಾಡುತ್ತೇನೆ. ಚಮಚದ ಬಟ್ಟಲು ಭಾಗ ಉಳಿಯುತ್ತದಲ್ಲ, ಅದರಿಂದಲೇ.

ಒಬ್ಬರು ತಮ್ಮ ಅಜ್ಜಿಯ ಚಮಚ ತಂದು ಉಂಗುರ ಮಾಡಿಕೊಡಿ ಎಂದರು. ತಿರುಗಿಸಿ ನೋಡಿದರೆ ನಡೆಯುವ ಸಿಂಹದ ಮುದ್ರೆ. ಇಂಗ್ಲೆಂಡಿನ ಸ್ಟರ್ಲಿಂಗ್, ನೂರಕ್ಕೆ ತೊಂಬತ್ತೆರಡೂವರೆ ಬೆಳ್ಳಿ. ಕತ್ತರಿಸಬೇಡಿ, ಹಾಗೇ ಇಟ್ಟುಕೊಳ್ಳಿ ಎಂದು ಹೇಳಿ, ಅಲ್ಯುಮಿನಿಯಂ ಹಾಳೆ, ಬಿಸಿನೀರು, ಅಡುಗೆ ಸೋಡಾದಲ್ಲಿ ಕಪ್ಪು ತೆಗೆದುಕೊಟ್ಟೆ. ಅಂಥ ಚಮಚ ಬಂದರೆ ದಯವಿಟ್ಟು ಯಾರೂ ಗರಗಸ ಹಚ್ಚಬೇಡಿ. ಗುಜರಿಯಲ್ಲಿ ಬೇಕಾದಷ್ಟು ಬಿದ್ದಿದೆ.

ಕೊನೆಗೆ ಕಡಗ. ಊಟದ ಫೋರ್ಕು ಸುಮಾರು 20 ಸೆಂ.ಮೀ. ಇರುತ್ತದೆ. ಹಲ್ಲುಗಳನ್ನು ಹೊರಕ್ಕೆ ಸುರುಳಿ ಸುತ್ತಿದರೆ 15, 16 ಉಳಿಯುತ್ತದೆ. ಎರಡೂವರೆ ಸೆಂ.ಮೀ. ಬಾಯಿ ಬಿಟ್ಟರೆ ಹೆಂಗಸರ ಕೈಗೆ ಸರಿ. ಹಲ್ಲಿನ ಸುರುಳಿಯನ್ನು ಸಣ್ಣ ಮೂತಿಯ ಇಕ್ಕಳದಲ್ಲಿ ಒಂದೊಂದಾಗಿ, ನಡುವಿನ ಎರಡನ್ನು ಮೊದಲು ಸುತ್ತಬೇಕು. ಹೊರಗಿನವು ಮೊದಲು ಸುತ್ತಿದರೆ ಒಳಗಿನವಕ್ಕೆ ಇಕ್ಕಳ ಹೋಗುವುದಿಲ್ಲ. ತುದಿಗಳು ಸೀರೆಗೆ ಸಿಕ್ಕಿಕೊಳ್ಳದ ಹಾಗೆ ಸುರುಳಿಯ ಒಳಗೇ ಮುಚ್ಚಿ. ಮೈಯನ್ನು ಮಣಿಕಟ್ಟಿನ ಹಾಗೆ ಅಂಡಾಕಾರಕ್ಕೆ ಒತ್ತಬೇಕು, ದುಂಡಗಾದರೆ ಕೈಯಲ್ಲಿ ತಿರುಗುತ್ತದೆ. ಫೋರ್ಕಿನ ಕುತ್ತಿಗೆ ಹತ್ತಿರ ಹಿಡಿ ಕಿರಿದಾಗುವ ಕಡೆ ಬೇಗ ಬಾಗಿ ಮೂಲೆ ಬರುತ್ತದೆ, ಅಲ್ಲಿ ದೊಡ್ಡ ರಾಡ್ ಹಾಕಿ. ಕಡಗ 700ಕ್ಕೆ ಹೋಗುತ್ತದೆ. ಗಂಡಸರು ದಪ್ಪ ಫೋರ್ಕಿನದು ಕೇಳುತ್ತಿದ್ದಾರೆ, ಅದಕ್ಕೆ ನನ್ನ ನಾಲ್ಕಿಂಚಿನ ವೈಸ್ ಸಾಲದು. ಆರಿಂಚಿನದು ಹಳೆಯದು ಸಿಕ್ಕರೆ ಮುಂದಿನ ಮೇಳಕ್ಕೆ ಹತ್ತಾದರೂ ಮಾಡಿ ಇಡಬೇಕು ಎಂದಿದ್ದೇನೆ.