ವಯಸ್ಸು ಏರಿದ ಹಾಗೆ ಬೇಸ್ ಗಿಟಾರೂ ಏರಲಿ

ಜಾತ್ರೆಯ ಗಾನಮೇಳ ಇರಲಿ, ಇಗರ್ಜಿ ಹಬ್ಬ ಇರಲಿ, ಮದುವೆ ಮುಂಚಿನ ರೋಸ್ ಶಾಸ್ತ್ರ ಇರಲಿ, ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಯಾವ ಸ್ಟೇಜಿನಲ್ಲಾದರೂ ಡ್ರಮ್ಸ್ ಪಕ್ಕ ನಿಂತವರನ್ನು ಒಮ್ಮೆ ನೋಡಿ. ಬೇಸ್, ಅಂದರೆ ಕೆಳಸ್ವರದ ಗಿಟಾರು, ಹಿಡಿದವನು ಇಪ್ಪತ್ತರ ಹುಡುಗನಾದರೆ ಗಿಟಾರು ತೊಡೆಯ ಹತ್ತಿರ ನೇತಾಡುತ್ತಿರುತ್ತದೆ. ಐವತ್ತು ದಾಟಿದವರಲ್ಲಿ ಎರಡು ಗುಂಪು. ಕೆಲವರ ಬೇಸ್ ಹೊಟ್ಟೆಯ ಮೇಲೆ ಹತ್ತಿ ಕೂತಿರುತ್ತದೆ. ಉಳಿದವರದ್ದು ಹಳೇ ಹಟಕ್ಕೆ ಈಗಲೂ ತೊಡೆಯ ಹತ್ತಿರವೇ ಇರುತ್ತದೆ, ಹಾಡು ಮುಗಿದ ಕೂಡಲೇ ಅವರು ಎಡಗೈ ಕೊಡವುತ್ತಿರುತ್ತಾರೆ. ಈ ಲೇಖನ ಕೈ ಕೊಡವುವವರಿಗೆ.

ಬೇಸನ್ನು ಕೆಳಗೆ ಇಳಿಸುವ ಶೋಕಿ ಜೋರಾದದ್ದು 1970ರ ದಶಕದ ಪಂಕ್ ಬ್ಯಾಂಡುಗಳಿಂದ. ರಾಮೋನ್ಸ್ ತಂಡದ ಡೀ ಡೀ ರಾಮೋನ್ ಕೈ ಇಳಿಬಿಟ್ಟು, ತಂತಿ ಮೀಟುವ ಪಿಕ್ ಹಿಡಿದು ಒಂದೇ ಸಮನೆ ಕೆಳಮುಖವಾಗಿ ಹೊಡೆಯುತ್ತಿದ್ದರು. ಆ ಹೊಡೆತಕ್ಕೆ ಆ ಎತ್ತರ ಸರಿ. ಜಾಯ್ ಡಿವಿಷನ್ ಮತ್ತು ನ್ಯೂ ಆರ್ಡರ್ ತಂಡಗಳಲ್ಲಿದ್ದ ಪೀಟರ್ ಹುಕ್ ಅವರದ್ದು ಇನ್ನೂ ಕೆಳಗೆ, ಹೆಚ್ಚುಕಡಿಮೆ ಮೊಣಕಾಲಿಗೆ. ಆದರೆ ಅವರು ಜಾಸ್ತಿ ನುಡಿಸುವುದು ನೆಕ್‌ನ (ಗಿಟಾರಿನ ಉದ್ದ ಕತ್ತಿನ) ಎತ್ತರದ ಸ್ವರಗಳ ಕಡೆ, ಅಲ್ಲಿ ಫ್ರೆಟ್‌ಗಳು (ಸ್ವರದ ಜಾಗ ಗುರುತಿಸುವ ಅಡ್ಡಪಟ್ಟಿಗಳು) ಹತ್ತಿರ ಹತ್ತಿರ ಇರುತ್ತವೆ. ಇನ್ನೊಂದು ತುದಿಯಲ್ಲಿ ಲೆವೆಲ್ 42 ತಂಡದ ಮಾರ್ಕ್ ಕಿಂಗ್. ಹೆಬ್ಬೆರಳಿನಲ್ಲಿ ತಂತಿಗೆ ಬಡಿದು ಸ್ಲ್ಯಾಪ್ ಮಾಡುವ ಅವರ ಬೇಸ್ ಎದೆಯ ಮೇಲೇ ಇರುತ್ತದೆ.

ನಾವು ನುಡಿಸುವುದು ಎಂತದ್ದು? ಮೂರು ಗಂಟೆ ಸಿನಿಮಾ ಹಾಡು, ನಡುವೆ ಒಂದೆರಡು ಭಕ್ತಿಗೀತೆ, ಬೆರಳಿನಲ್ಲಿ, ಮುಕ್ಕಾಲು ಪಾಲು ಮೊದಲ ಐದು ಫ್ರೆಟ್ ಒಳಗೆ. ಅಂದರೆ ಕೈ ಅತಿ ಹೆಚ್ಚು ಚಾಚಬೇಕಾದ ಜಾಗದಲ್ಲೇ ನಮ್ಮ ಸಂಸಾರ. ಹಾಗಾಗಿ ಅವರ ಎತ್ತರವನ್ನು ಫೋಟೋ ನೋಡಿ ಎತ್ತಿಕೊಂಡರೆ ನಮಗೆ ಹೊಂದುವುದಿಲ್ಲ.

ಈ ವಿಷಯದಲ್ಲಿ ನಮ್ಮ ಚೆಂಡೆಯವರು ಬುದ್ಧಿವಂತರು. ಪಟ್ಟಿ ಹೆಗಲಿಗೆ ಹಾಕಿದರೆಂದರೆ ಚೆಂಡೆ ನಿಲ್ಲುವುದು ಕೋಲು ಹಿಡಿದ ಮಣಿಕಟ್ಟು ಸಲೀಸಾಗಿ ತಿರುಗುವ ಮಟ್ಟದಲ್ಲೇ. ಸ್ಟೈಲಿಗೆಂದು ಚೆಂಡೆಯನ್ನು ಮೊಣಕಾಲಿಗೆ ಇಳಿಸಿದವರನ್ನು ನಾನಂತೂ ಕಂಡಿಲ್ಲ.

ಕೈಯಿಲ್ಲದ ಕುರ್ಚಿ ಹುಡುಕಿ

ನಿಮ್ಮ ಎತ್ತರ ಕಂಡುಹಿಡಿಯುವುದಕ್ಕೆ ಕನ್ನಡಿ ಬೇಡ, ಕುರ್ಚಿ ಬೇಕು. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ಆಗುವುದಿಲ್ಲ, ಅದರ ಕೈಗೆ ಗಿಟಾರು ತಾಗುತ್ತದೆ. ಅಡುಗೆಮನೆಯ ಸ್ಟೂಲ್ ಸಾಕು. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ನೇರ ಕೋನದಲ್ಲಿ ಮಡಚಬೇಕು. ಸ್ಟ್ರಾಪ್ (ಹೆಗಲ ಪಟ್ಟಿ) ಹಾಕಿಕೊಂಡೇ ಕೂತು ಬೇಸನ್ನು ಬಲತೊಡೆಯ ಮೇಲಿಡಿ. ಒಂದು ಹಾಡು ಆರಾಮಾಗಿ ನುಡಿಸಿ. ಆಮೇಲೆ, ಬೇಸ್ ತೊಡೆಯ ಮೇಲೆ ಇದ್ದ ಹಾಗೆಯೇ ಸ್ಟ್ರಾಪ್‌ನ ಸಡಿಲು ಪೂರ್ತಿ ಹೋಗುವವರೆಗೆ ಎಳೆದು ಬಿಗಿ ಮಾಡಿ. ಈಗ ಎದ್ದು ನಿಲ್ಲಿ. ಗಿಟಾರು ಎರಡು ಬೆರಳಿಗಿಂತ ಜಾಸ್ತಿ ಕೆಳಗಿಳಿಯಬಾರದು. ಹೆಚ್ಚಿನವರಿಗೆ ತಂತಿಗಳು ಹೊಕ್ಕುಳ ಮತ್ತು ಎದೆಗೂಡಿನ ನಡುವೆ ಎಲ್ಲೋ ಬರುತ್ತವೆ.

ಇಷ್ಟೆಲ್ಲಾ ಯಾಕೆಂದರೆ, ಮನೆಯಲ್ಲಿ ಅಭ್ಯಾಸ ಮಾಡುವುದು ಕೂತು, ಪ್ರೋಗ್ರಾಂ ಕೊಡುವುದು ನಿಂತು. ಎರಡರ ಎತ್ತರ ಬೇರೆ ಬೇರೆಯಾದರೆ ಕೈ ಎರಡು ಬೇರೆ ಕೆಲಸ ಕಲಿಯಬೇಕಾಗುತ್ತದೆ. ಇಪ್ಪತ್ತರಲ್ಲಿ ಕಲಿಯುತ್ತದೆ. ಐವತ್ತರಲ್ಲಿ ಸುಮ್ನೆ ಯಾಕೆ?

ಎಡ ಮಣಿಕಟ್ಟಿನ ಪರೀಕ್ಷೆ

ನಿಂತುಕೊಂಡು ದಪ್ಪ ತಂತಿಯ ಮೊದಲ ಫ್ರೆಟ್ ಒತ್ತಿ ಹಿಡಿಯಿರಿ. ಎಫ್ ಸ್ವರ. ಬೇಸ್‌ನಲ್ಲಿ ಎಡಗೈಗೆ ಇದಕ್ಕಿಂತ ಕಷ್ಟದ ಜಾಗ ಇಲ್ಲ. ಹಿಡಿದಲ್ಲೇ ಮಣಿಕಟ್ಟು ನೋಡಿ. ಮುಂಗೈ ಮತ್ತು ಹಸ್ತದ ಹಿಂಭಾಗ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇದೆಯೋ, ಅಥವಾ ಹಸ್ತ ಒಳಗೆ ಮಡಚಿಕೊಂಡಿದೆಯೋ?

ಮಣಿಕಟ್ಟಿನ ಒಳಗೆ ಕಾರ್ಪಲ್ ಟನೆಲ್ ಎಂಬ ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಒಂದು ದೊಡ್ಡ ನರ ಅದೇ ದಾರಿಯಲ್ಲಿ ಹೋಗಬೇಕು. ಮಣಿಕಟ್ಟು ಮಡಚಿದಷ್ಟೂ ಒಳಗಿನ ಒತ್ತಡ ಏರುತ್ತದೆ. ಅದರ ಮೇಲೆ ಬೆರಳಿನಿಂದ ಗಟ್ಟಿ ಒತ್ತಿದರೆ ಇನ್ನಷ್ಟು. ಬೇಸ್ ಕೆಳಗಿದ್ದಷ್ಟು ಹಸ್ತ ನೆಕ್‌ನ ಕೆಳಗಿನಿಂದ ಸುತ್ತಿ ಬರಬೇಕು, ಮಡಚುವುದೂ ಅಷ್ಟೇ ಜಾಸ್ತಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಅದರಲ್ಲೂ ರಾತ್ರಿ ನಿದ್ದೆಯಲ್ಲಿ ಎಚ್ಚರವಾಗುವಷ್ಟು ಹಿಡಿದರೆ, ಸ್ಟ್ರಾಪ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಎಣ್ಣೆ ತಿಕ್ಕಿ ತಿಂಗಳು ಕಾಯಬೇಡಿ.

ಇನ್ನೊಂದು ಮಾತು, ತುಂಬಾ ಜನ ಬಿಟ್ಟೇಬಿಡುವಂಥದ್ದು. ಎತ್ತರಕ್ಕಿಂತ ನೆಕ್‌ನ ಓರೆ ಮುಖ್ಯ. ನೆಕ್ ನೆಲಕ್ಕೆ ಸಮಾಂತರವಾಗಿದ್ದರೆ ಸ್ಟ್ರಾಪ್ ಎಷ್ಟು ಗಿಡ್ಡ ಮಾಡಿದರೂ ಮಣಿಕಟ್ಟು ಪೂರ್ತಿ ನೇರವಾಗುವುದಿಲ್ಲ. ಕೀಲಿಗಳಿರುವ ತಲೆಭಾಗವನ್ನು ಹೆಗಲ ಮಟ್ಟಕ್ಕೆ ಎತ್ತಿ. 30ರಿಂದ 45 ಡಿಗ್ರಿ ಓರೆ ಬರಲಿ. ಮೊದಲ ಫ್ರೆಟ್ ಕೂಡ ಮೈಗೆ ಹತ್ತಿರ ಬರುತ್ತದೆ. ಸ್ಟ್ರಾಪ್ ಮುಟ್ಟದೆ, ಬರೀ ಇದೊಂದನ್ನು ಮಾಡಿಯೇ ಅರ್ಧ ನೋವು ಕಳೆದುಕೊಂಡವರಿದ್ದಾರೆ.

ಅತಿಯಾದರೆ ಬಲಗೈ ಹಿಡಿಯುತ್ತದೆ

ಹಾಗಂತ ಗಲ್ಲಕ್ಕೆ ತಾಗುವಷ್ಟು ಏರಿಸಿದರೆ ನೋವು ಬಲಗೈಗೆ ಹೋಗುತ್ತದೆ, ಅಷ್ಟೇ. ಬೇಸ್ ತುಂಬಾ ಮೇಲಿದ್ದರೆ ಮುಂಗೈ ಗಿಟಾರಿನ ಅಂಚಿನ ಮೇಲೆ ಕೂತು, ಬೆರಳು ತಂತಿಗೆ ಇಳಿಯಲು ಮಣಿಕಟ್ಟು ಕೊಕ್ಕೆಯಂತೆ ಬಾಗುತ್ತದೆ. ಎಡಗೈ ಮೊಣಕೈಯೂ ತೀರಾ ಮಡಚಿದರೆ ಅಲ್ಲಿಯ ನರ ಎಳೆದುಕೊಂಡು ಕಿರುಬೆರಳು ಜೋಮು ಹಿಡಿಯುತ್ತದೆ. ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ಗಮನಿಸಿದರೆ ತಪ್ಪು ಯಾವ ಕಡೆಗಿದೆ ಎಂಬ ಸುಳಿವು ಸಿಗುತ್ತದೆ.

ಬಲ ಹೆಗಲು ಕಿವಿಯ ಕಡೆ ಏರಿದೆಯಾ ನೋಡಿ. ಏರಿದ್ದರೆ ಸ್ಟ್ರಾಪನ್ನು ಎರಡು ತೂತು ಇಳಿಸಿ. ಹೆಬ್ಬೆರಳನ್ನು ತಂತಿಗಳ ಕೆಳಗಿನ ಪಿಕಪ್ (ನಾದ ಹಿಡಿಯುವ ಭಾಗ) ಮೇಲೆ ಊರಿಯೇ ನುಡಿಸುವ ಅಭ್ಯಾಸ ಇದ್ದವರು, ತೆಳು ತಂತಿಗೆ ಹೋದಾಗ ಅದನ್ನು ದಪ್ಪ ತಂತಿಯ ಮೇಲೆ ಸರಿಸಿಕೊಂಡರೆ ಮಣಿಕಟ್ಟು ಎಷ್ಟೋ ನೇರವಾಗುತ್ತದೆ.

ಹೊಟ್ಟೆ ಮತ್ತು ಕನ್ನಡಕ

ಹೊಟ್ಟೆ ಬಂದಾಗ ಬೇಸ್‌ನ ಕೆಳ ಅಂಚು ಮುಂದಕ್ಕೆ ತಳ್ಳಿಕೊಂಡು ಫ್ರೆಟ್‌ಗಳು ಆಕಾಶ ನೋಡಲು ಶುರುಮಾಡುತ್ತವೆ. ನಮಗೆ ಖುಷಿ, ಫ್ರೆಟ್ ಚೆನ್ನಾಗಿ ಕಾಣುತ್ತದಲ್ಲ! ಆದರೆ ಎಡ ಮಣಿಕಟ್ಟು ಅದಕ್ಕೆ ಸರಿಯಾಗಿ ಇನ್ನಷ್ಟು ಮಡಚಿಕೊಳ್ಳುತ್ತದೆ. ಹೊಟ್ಟೆಯ ಉಬ್ಬಿನ ಕೆಳಗೆ ತೂಗುಹಾಕುವುದಕ್ಕಿಂತ ಮೇಲೆ, ಪಕ್ಕೆಲುಬಿಗೆ ಒರಗುವ ಹಾಗೆ ಹಾಕಿಕೊಳ್ಳಿ. ಸ್ವಲ್ಪ ಬಲಗಡೆಗೆ ಸರಿಸಿದರೆ ಇನ್ನೂ ಒಳ್ಳೆಯದು. ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್ ಬೇಸ್ ಬರೀ ಚಪ್ಪಟೆ ಹಲಗೆ. 1954ರಲ್ಲಿ ಅದರ ಬೆನ್ನನ್ನೂ ಮುಂಗೈ ಕೂರುವ ಅಂಚನ್ನೂ ಕೆತ್ತಿ ಇಳಿಜಾರು ಮಾಡಿದರು. ಕೊಳ್ಳುವಾಗ ಆ ಕೆತ್ತನೆ ಇದೆಯಾ ಎಂದು ಬೆನ್ನು ತಿರುಗಿಸಿ ನೋಡಿ. ಮುಂಡು ಉಟ್ಟು ಸ್ಟೇಜ್ ಹತ್ತುವವರು ಸೊಂಟದ ಸುತ್ತು ದಪ್ಪಗಾಗದ ಹಾಗೆ ಉಡಿ, ಆ ಗಂಟಿನ ಮೇಲೆ ಬೇಸ್ ನಿಲ್ಲದೆ ಜಾರುತ್ತಲೇ ಇರುತ್ತದೆ.

ಪ್ರೋಗ್ರೆಸಿವ್ ಕನ್ನಡಕದವರಿಗೆ ಬೇರೆ ಪೇಚು. ಕೆಳಗಿನ ಭಾಗ ಪುಸ್ತಕದ ದೂರಕ್ಕೆ, ಮೇಲಿನದು ದೂರದ ನೋಟಕ್ಕೆ. ಫ್ರೆಟ್ ಇರುವುದು ಎರಡರ ನಡುವೆ, ಹಾಗಾಗಿ ಕತ್ತು ಬಗ್ಗಿಸಿ ಎತ್ತಿ ಹುಡುಕುತ್ತಾ ಇರುತ್ತಾರೆ. ಬೇಸ್ ಏರಿಸಿದ ಮೇಲೆ ಮುಂಭಾಗ ಕಾಣುವುದೂ ಕಡಿಮೆ. ನೆಕ್‌ನ ಮೇಲಂಚಿನಲ್ಲಿರುವ ಚುಕ್ಕೆಗಳನ್ನು ನಂಬಿ. ಮಾಸಿ ಹೋಗಿದ್ದರೆ 3, 5, 7, 9, 12ನೇ ಫ್ರೆಟ್ ಹತ್ತಿರ ಬಿಳಿ ನೈಲ್ ಪಾಲಿಶ್ ಒಂದೊಂದು ಬೊಟ್ಟು ಇಡಿ. ಕಡ್ಡಿಯ ತುದಿಯಲ್ಲಿ ಇಟ್ಟರೆ ಅಂದವಾಗಿ ಬರುತ್ತದೆ. ಸ್ಟೇಜ್ ಲೈಟ್ ಆಫ್ ಮಾಡಿ ಬರೀ ಕಲರ್ ಲೈಟ್ ಬಿಟ್ಟಾಗ ಅದರ ಬೆಲೆ ಗೊತ್ತಾಗುತ್ತದೆ.

ತೂಕದ ಮಾತೇ ಬೇರೆ

ಮೇಲೆ ಏರಿಸಿದ್ದಕ್ಕೆ ಬೇಸ್ ಹಗುರವಾಗುವುದಿಲ್ಲ. ಮಣಿಕಟ್ಟಿನ ನೋವಿಗೆ ಎತ್ತರ ಮದ್ದು, ಹೆಗಲು ನೋವಿಗೆ ಅಲ್ಲ. ಇವೆರಡನ್ನು ಕಲಸಿಕೊಂಡು ಸ್ಟ್ರಾಪ್ ಏರಿಸಿ ಇಳಿಸಿ ಬೇಸತ್ತವರೇ ಜಾಸ್ತಿ.

ಮಾಮೂಲಿ ನಾಲ್ಕು ತಂತಿಯ ಬೇಸ್ ಸುಮಾರು 4 ಕೆ.ಜಿ. ತೂಗುತ್ತದೆ. ಬಲಗೈಯವರಿಗೆ ಅಷ್ಟೂ ಎಡ ಹೆಗಲ ಮೇಲೆ. ಅಂಗಡಿಯವರು ಗಿಟಾರಿನ ಜೊತೆ ಕೊಡುವ 2 ಇಂಚಿನ ನೈಲಾನ್ ಪಟ್ಟಿಯನ್ನು ಎತ್ತಿಟ್ಟುಬಿಡಿ. ಮೂರೂವರೆ ನಾಲ್ಕು ಇಂಚು ಅಗಲದ, ಒಳಗೆ ಒರಟು ಚರ್ಮ ಇರುವ ಸ್ಟ್ರಾಪ್ ತನ್ನಿ. ಅಗಲ ಎರಡರಷ್ಟಾದರೆ ಹೆಗಲಿನ ಒಂದೊಂದು ಇಂಚಿನ ಮೇಲೆ ಬೀಳುವ ಭಾರ ಸುಮಾರು ಅರ್ಧ ಆಗುತ್ತದೆ. ಒರಟು ಚರ್ಮಕ್ಕೆ ಇನ್ನೊಂದು ಕೆಲಸವೂ ಇದೆ. ನಿಂತಲ್ಲೇ ಎರಡೂ ಕೈ ಬಿಟ್ಟು ನೋಡಿ. ನೆಕ್ ಧೊಪ್ಪೆಂದು ಕೆಳಗೆ ವಾಲಿದರೆ, ಇಷ್ಟು ದಿನ ನಿಮ್ಮ ಎಡಗೈ ನುಡಿಸುವುದರ ಜೊತೆಗೆ ಅದನ್ನು ಎತ್ತಿ ಹಿಡಿಯುವ ಕೂಲಿಯನ್ನೂ ಮಾಡುತ್ತಿತ್ತು ಎಂದರ್ಥ. ಗಿಬ್ಸನ್ ಥಂಡರ್‌ಬರ್ಡ್ ಈ ವಾಲುವಿಕೆಗೆ ಹೆಸರುವಾಸಿ. ರೇಷ್ಮೆ ಜುಬ್ಬಾದ ಮೇಲೆ ನೈಲಾನ್ ಜಾರುತ್ತದೆ, ಒರಟು ಚರ್ಮ ಕಚ್ಚಿ ನಿಲ್ಲುತ್ತದೆ. ಸಾಲದಿದ್ದರೆ ಹಗುರ ಕೀಲಿಗಳನ್ನು ಹಾಕಿಸಬಹುದು.

ಸ್ಟ್ರಾಪ್ ಬದಲಿಸಿಯೂ ಹೆಗಲು ಕೇಳದಿದ್ದರೆ ಬೇಸ್ ಬದಲಿಸುವ ಕಾಲ ಬಂತು. ಪಾಲ್ ಮೆಕಾರ್ಟ್ನಿ ಹುಟ್ಟಿದ್ದು 1942ರಲ್ಲಿ. ಎಂಬತ್ತು ದಾಟಿದ ಮೇಲೂ ನಿಂತು ನುಡಿಸುವ ಅವರ ಕೈಯಲ್ಲಿ ಇರುವುದು ಪಿಟೀಲಿನ ಆಕಾರದ ಹಾಫ್ನರ್. ಒಳಗೆ ಟೊಳ್ಳು, ತೂಕ ಎರಡೂವರೆ ಕೆ.ಜಿ.ಯೊಳಗೆ. ಅವರು 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಮೊದಲ ಹಾಫ್ನರ್ 1972ರಲ್ಲಿ ಕಳವಾಗಿ, ಮತ್ತೆ ಅವರ ಕೈಸೇರಿದ ಸುದ್ದಿ ಬಂದದ್ದು 2024ರಲ್ಲಿ. ಅದೇ ಮಾದರಿಯ ಇನ್ನೊಂದು ಅವರ ಬಳಿ ಇತ್ತು.

ಹಾಫ್ನರ್ ಥರದ ಬೇಸ್‌ಗಳಿಗೆ ತಂತಿಯ ಅಳತೆಯೂ ಗಿಡ್ಡ. ಮಾಮೂಲಿ ಬೇಸ್‌ನಲ್ಲಿ 34 ಇಂಚು, ಇದರಲ್ಲಿ ಸುಮಾರು 30. ನಾಲ್ಕು ಇಂಚಿನಲ್ಲಿ ಎಂತ ಮಹಾ ಎನ್ನಬೇಡಿ. ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 34 ಇಂಚಿನದರಲ್ಲಿ ಸುಮಾರು 13 ಸೆಂ.ಮೀ., 30ರಲ್ಲಿ ಹನ್ನೊಂದೂವರೆ. ಫ್ರೆಟ್‌ಗೊಂದು ಬೆರಳು ಎಂದು ಹಟ ಹಿಡಿದು ಚಾಚುವವರಿಗೆ ಆ ಒಂದೂವರೆ ಸೆಂ.ಮೀ. ಸ್ವರ್ಗ.

ಹೊಸ ಬೇಸ್ ಕೊಳ್ಳುವ ಯೋಗ ಇಲ್ಲದವರಿಗೆ ಖರ್ಚಿಲ್ಲದ ದಾರಿ ಇದೆ. ದೊಡ್ಡ ಡಬಲ್ ಬೇಸ್ ನುಡಿಸುವವರು ಕೆಳ ಸ್ವರಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇಷ್ಟೇ ಬಳಸುತ್ತಾರೆ. ಉಂಗುರಬೆರಳು ಕಿರುಬೆರಳಿಗೆ ಆಸರೆ. ಫ್ರಾಂಜ್ ಸಿಮಾಂಡ್ಲ್ (1840–1912) ಅವರ ಪಾಠಕ್ರಮದಿಂದ ಹರಡಿದ ಪದ್ಧತಿ ಇದು. ಮೂರು ಫ್ರೆಟ್ ಮಾತ್ರ ಒಮ್ಮೆಗೆ, ಉಳಿದದ್ದಕ್ಕೆ ಇಡೀ ಕೈ ಸರಿಸುವುದು. ಐದನೇ ಫ್ರೆಟ್ ಆಚೆಗೆ ನಿಮ್ಮ ನಾಲ್ಕು ಬೆರಳಿನ ಕ್ರಮಕ್ಕೆ ವಾಪಸ್ ಬನ್ನಿ.

ತಂತಿಯ ದಪ್ಪವನ್ನೂ ಇಳಿಸಿ. 45ರಿಂದ 105ರ ಸೆಟ್ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಬದಲು 40ರಿಂದ 95ರದ್ದು ಹಾಕಿದರೆ ಒತ್ತುವ ಬಲ ಕಡಿಮೆ ಸಾಕು. ನಮ್ಮ ಕಡೆ ಜೂನ್ ಬಂದರೆ ಮರ ತೇವ ಹೀರಿ ನೆಕ್ ಬಾಗುತ್ತದೆ. ತಂತಿ ಫ್ರೆಟ್‌ನಿಂದ ಮೇಲೆದ್ದರೆ ಗೊತ್ತಿಲ್ಲದೆಯೇ ನಾವು ಗಟ್ಟಿ ಒತ್ತಲು ಶುರುಮಾಡುತ್ತೇವೆ. ನೆಕ್ ಒಳಗಿನ ಟ್ರಸ್ ರಾಡನ್ನು (ಬಾಗು ಸರಿಮಾಡುವ ಸರಳನ್ನು) ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸರಿಮಾಡಿ. ಕೈ ಬಾರದಿದ್ದರೆ ಗಿಟಾರ್ ರಿಪೇರಿಯವರಿಗೆ ಕೊಡಿ. ಚರ್ಮದ ಸ್ಟ್ರಾಪ್ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಬ್ಯಾಗಿನೊಳಗೆ ತುರುಕಿಡದೆ ಗಾಳಿಗೆ ನೇತುಹಾಕಿ.

ಒಂದೇ ದಿನ ಬೇಡ

ಎತ್ತರ ಬದಲಿಸುವಾಗ ದಿನಕ್ಕೆ ಒಂದು ತೂತಿನಂತೆ ಏರಿಸಿ. ಬಲಗೈಗೆ ತಂತಿ ಸಿಗುವ ಜಾಗ ಬದಲಾಗುವುದರಿಂದ ಮೊದಮೊದಲು ಹೊಡೆತ ತಪ್ಪುತ್ತದೆ. ಹಬ್ಬದ ಸೀಸನ್ ನಡುವೆ ಶುರುಮಾಡಬೇಡಿ, ಮಳೆಗಾಲದಲ್ಲಿ ಪ್ರೋಗ್ರಾಂ ಇಲ್ಲದಾಗ ಮಾಡಿ. ಸರಿಯಾದ ತೂತು ಸಿಕ್ಕಿದ ಮೇಲೆ ಅದರ ಪಕ್ಕ ಬಾಲ್ ಪೆನ್ನಿನಲ್ಲಿ ಗುರುತು ಹಾಕಿ. ಚರ್ಮ ಎಳೆದು ಉದ್ದವಾಗುತ್ತದೆ, ವರ್ಷಕ್ಕೊಮ್ಮೆ ಕುರ್ಚಿಯ ಪರೀಕ್ಷೆ ಮತ್ತೆ ಮಾಡಬೇಕು.

ತಂಡದ ಹುಡುಗರು ಬಿಡುತ್ತಾರಾ? "ಎಂತ ಮಾಷ್ಟ್ರೇ, ಬೇಸನ್ನು ಕುತ್ತಿಗೆಗೇ ಕಟ್ಟಿಕೊಂಡಿರಾ?" ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ ಬಿಡಿ. ಕ್ಯಾಮೆರಾದವರು ಬೇಸ್‌ನವರ ಕಡೆ ತಿರುಗಿದ್ದು ಎಂದು?

ಮೂರು ಗಂಟೆಯ ಪ್ರೋಗ್ರಾಂ ಆದರೆ ನಡುವಿನ ಒಂದಷ್ಟು ಹಾಡು ಕೂತೇ ನುಡಿಸಿ. ನಿಧಾನದ ಹಾಡುಗಳನ್ನು ಒಟ್ಟಿಗೆ ಹಾಕಲು ಕೀಬೋರ್ಡಿನವರಿಗೆ ಹೇಳಿದರೆ ಆಯಿತು. ಕೂತರೂ ಸ್ಟ್ರಾಪ್ ಹೆಗಲಲ್ಲೇ ಇರಲಿ. ಎತ್ತರ ಮೊದಲೇ ಒಂದು ಮಾಡಿಕೊಂಡಿರುವುದರಿಂದ ಕೂತದ್ದು ನಿಂತದ್ದು ಕೈಗೆ ಗೊತ್ತಾಗುವುದಿಲ್ಲ. ಕೈಯಿಲ್ಲದ ಸ್ಟೂಲ್ ಒಂದು ಬೇಕೆಂದು ಶಾಮಿಯಾನದವರಿಗೆ ಬೆಳಿಗ್ಗೆಯೇ ಹೇಳಿಡಿ, ಸೌಂಡ್ ಚೆಕ್ ಆದ ಮೇಲೆ ಕೇಳಿದರೆ ಎಲ್ಲಿಂದಲೂ ಸಿಗುವುದಿಲ್ಲ.