ಕಣ್ಣು ಮುಚ್ಚಿ ಮೂಳೆ ಕಲಿತದ್ದು

ಫಿಸಿಯೋಥೆರಪಿ ಓದುತ್ತಿದ್ದಾಗ ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ನನ್ನ ಕೈಗೆ ಒಂದು ಕ್ಲಾವಿಕಲ್ ಕೊಟ್ಟರು. ಕುತ್ತಿಗೆಯ ಕೆಳಗೆ ಅಡ್ಡಕ್ಕೆ ಸಿಗುತ್ತದಲ್ಲ, ಆ ಕಾಲರ್ ಬೋನ್. "ಎಡಗಡೆಯದೋ ಬಲಗಡೆಯದೋ?" ಎಂದು ಕೇಳಿದರು. ಅದರ ಮೇಲಿನ ಒಂದೊಂದು ಗುರುತಿನ ಹೆಸರೂ ನನಗೆ ಬಾಯಿಪಾಠವಾಗಿತ್ತು. ಆದರೂ ತಪ್ಪು ಹೇಳಿದೆ. ಮೂಳೆಯನ್ನು ಅಡಿಮೇಲಾಗಿ ಹಿಡಿದಿದ್ದೆ. ಹಾಗೆ ಹಿಡಿದರೆ ಎಡಗಡೆಯ ಕ್ಲಾವಿಕಲ್ ಬಲಗಡೆಯದರ ಹಾಗೆಯೇ ಕಾಣುತ್ತದೆ.

ಅವತ್ತು ತುಂಬ ನೊಂದುಕೊಂಡೆ. ಹೆಸರುಗಳೆಲ್ಲ ತಲೆಯಲ್ಲಿದ್ದವು, ಮೂಳೆ ಮಾತ್ರ ಕೈಗೆ ಹೊಸದು. ಮರುದಿನದಿಂದ ಪುಸ್ತಕ ಪಕ್ಕಕ್ಕಿಟ್ಟು ಬೇರೆ ದಾರಿ ಹಿಡಿದೆ. ಒಂದು ಬಟ್ಟೆಯ ಚೀಲ ಹೊಲಿಸಿಕೊಂಡೆ. ಅಂಗರಚನಾ ವಿಭಾಗದಲ್ಲಿ ಅನುಮತಿ ಕೇಳಿ, ಅಲ್ಲೇ ಕೂತು, ಚೀಲಕ್ಕೆ ನಾಲ್ಕೈದು ಮೂಳೆ ಹಾಕಿ, ನೋಡದೆ ಕೈ ಹಾಕಿ ಗುರುತು ಹಿಡಿಯುವುದು. ಯಾವ ಮೂಳೆ, ಯಾವ ಕಡೆಯದು, ಮೇಲು ಯಾವುದು, ಮುಂದು ಯಾವುದು. ಅವು ಒಬ್ಬರ ದೇಹದ ನಿಜವಾದ ಮೂಳೆಗಳು. ಮುಟ್ಟುವ ಮೊದಲು ಒಂದು ಕ್ಷಣ ಸುಮ್ಮನಿರುವ ಅಭ್ಯಾಸ ಆಗ ಬಂದದ್ದು, ಇನ್ನೂ ಹೋಗಿಲ್ಲ.

ಬೆರಳಿಗೆ ಒಂದು ಉಬ್ಬೋ, ಗೆರೆಯೋ, ತೂತೋ ಸಿಕ್ಕಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಇಲ್ಲಿ ಏನು ಎಳೆಯುತ್ತಿತ್ತು, ಏನು ಹಾದು ಹೋಗುತ್ತಿತ್ತು, ಏನು ಉಜ್ಜುತ್ತಿತ್ತು? ಒರಟಾಗಿದ್ದರೆ ಸ್ನಾಯುವೋ ಲಿಗಮೆಂಟೋ ಅಂಟಿಕೊಂಡ ಜಾಗ. ನುಣುಪಾಗಿ ಹೊಳೆಯುತ್ತಿದ್ದರೆ ಕೀಲಿನ ಜಾಗ. ತೂತಾದರೆ ನರ ಅಥವಾ ರಕ್ತನಾಳದ ದಾರಿ. ಕ್ಲಾವಿಕಲ್ ಕೂಡ ಹಾಗೇ ಬಗೆಹರಿಯಿತು. ದಪ್ಪ ತುದಿ ಎದೆಮೂಳೆಯ ಕಡೆಗೆ, ಚಪ್ಪಟೆ ತುದಿ ಹೆಗಲಿನ ಕಡೆಗೆ. ಒಳಗಿನ ಮೂರನೇ ಎರಡು ಭಾಗ ಮುಂದಕ್ಕೆ ಬಾಗಿರುತ್ತದೆ. ಅಡಿಯಲ್ಲಿ ಒಂದು ಪುಟ್ಟ ಸ್ನಾಯು ಕೂರುವ ತೋಡು ಇದೆ. ಆ ತೋಡು ಬೆರಳಿಗೆ ಸಿಕ್ಕರೆ ಮೂಳೆ ಅಡಿಮೇಲಾಗುವ ಪ್ರಶ್ನೆಯೇ ಇಲ್ಲ.

ಪ್ಲಾಸ್ಟಿಕ್ ಮಾದರಿಯಲ್ಲಿ ಇದನ್ನು ಮಾಡಲು ನೋಡಿದೆ. ಆಕಾರ ತಿಳಿಯುತ್ತದೆ, ಅಷ್ಟೇ. ಅಗ್ಗದ ಮಾದರಿಗಳಲ್ಲಿ ಒರಟು ಗೆರೆಗಳು ಸವೆದ ಹಾಗಿರುತ್ತವೆ, ಸಣ್ಣ ತೂತುಗಳು ಇರುವುದೇ ಇಲ್ಲ. ನನ್ನ ಕಲಿಕೆ ನಿಂತಿದ್ದೇ ಅವುಗಳ ಮೇಲೆ.

ನನ್ನನ್ನು ನಿಜವಾಗಿ ಹಿಡಿದಿಟ್ಟದ್ದು ತೊಡೆಮೂಳೆ, ಅಂದರೆ ಫೀಮರ್. ದೇಹದ ಅತಿ ಉದ್ದದ ಮೂಳೆ. ನಮ್ಮ ಎತ್ತರದ ಸುಮಾರು ಕಾಲು ಭಾಗ ಅದರದ್ದೇ. ಒಂದು ದಿನ ಅದರ ಮೊಣಕಾಲಿನ ಕಡೆಯ ಎರಡು ಉಬ್ಬುಗಳನ್ನೂ ಮೇಜಿನ ಮೇಲೆ ಸರಿಯಾಗಿ ಕೂರಿಸಿ ನಿಲ್ಲಿಸಿದೆ. ಮೂಳೆ ನೆಟ್ಟಗೆ ನಿಲ್ಲಲಿಲ್ಲ. ಹೊರಗಡೆಗೆ ವಾಲಿತು. ನಾನೇ ಸರಿಯಾಗಿ ಇಟ್ಟಿಲ್ಲ ಅಂದುಕೊಂಡು ಮತ್ತೆ ಮತ್ತೆ ಇಟ್ಟೆ. ಪ್ರತಿ ಸಲವೂ ಅದೇ ವಾಲು, ಸುಮಾರು 10 ಡಿಗ್ರಿ.

ಆಮೇಲೆ ಗೊತ್ತಾಯಿತು, ಅದು ಹಾಗೇ ಇರಬೇಕು. ನಮ್ಮ ಎರಡು ಸೊಂಟದ ಕೀಲುಗಳ ನಡುವೆ ಅಂತರ ಜಾಸ್ತಿ. ತೊಡೆಮೂಳೆ ನೇರವಾಗಿ ಇಳಿದಿದ್ದರೆ ಮೊಣಕಾಲುಗಳೂ ಅಷ್ಟೇ ದೂರ ಇರುತ್ತಿದ್ದವು. ಪ್ರತಿ ಹೆಜ್ಜೆಗೂ ದೇಹ ಅತ್ತಿತ್ತ ಓಲಾಡಬೇಕಾಗುತ್ತಿತ್ತು. ಈ ವಾಲಿನಿಂದಾಗಿ ಮೊಣಕಾಲು ದೇಹದ ಭಾರದ ಕೆಳಕ್ಕೆ ಬರುತ್ತದೆ. ಚಿಂಪಾಂಜಿಯ ತೊಡೆಮೂಳೆಯಲ್ಲಿ ಈ ವಾಲು ಇಲ್ಲವೆಂದೇ ಹೇಳಬಹುದು. ಹುಟ್ಟಿದ ಮಗುವಿನಲ್ಲೂ ಇಲ್ಲ! ಮಗು ನಿಂತು, ನಡೆದು, ಭಾರ ಬಿದ್ದ ಮೇಲೆಯೇ ಅದು ಮೂಡುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂಳೆ ಅಂದರೆ ಮೊದಲೇ ಅಚ್ಚು ಹಾಕಿಟ್ಟ ಕಂಬ ಎಂದುಕೊಂಡಿದ್ದೆ. ಅದು ಬಳಸಿದ ಹಾಗೆ ಬೆಳೆಯುವ ವಸ್ತು. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಹೇಳಿದ್ದೂ ಇದನ್ನೇ: ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಿದ್ದಿಕೊಳ್ಳುತ್ತದೆ. ಉದ್ದಕ್ಕೆ ಸೀಳಿದ ಫೀಮರ್ ತುದಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒಳಗಿನ ಸ್ಪಂಜಿನಂಥ ಮೂಳೆಯ ಎಳೆಗಳು ಅಡ್ಡಾದಿಡ್ಡಿ ಇಲ್ಲ, ಭಾರ ಇಳಿಯುವ ದಾರಿಯಲ್ಲೇ ಕಮಾನಾಗಿ ಸಾಲುಗಟ್ಟಿವೆ.

ಅದೇ ಮೂಳೆಯ ಮೇಲ್ತುದಿಯ ಹೊರಬದಿಯಲ್ಲಿ ದೊಡ್ಡದೊಂದು ಗುಬುಟು ಇದೆ. ಇದನ್ನು ನೀವೂ ನಿಮ್ಮ ಮೈಮೇಲೆ ಹುಡುಕಬಹುದು. ನಿಂತುಕೊಂಡು ಸೊಂಟದ ಪಕ್ಕದಲ್ಲಿ, ಪ್ಯಾಂಟಿನ ಜೇಬಿನ ಮಟ್ಟಕ್ಕೆ ಅಂಗೈ ಒತ್ತಿ ಹಿಡಿಯಿರಿ. ಗಟ್ಟಿಯಾಗಿ ಸಿಗುತ್ತದೆ. ಈಗ ಅದೇ ಕಾಲಿನ ಮೇಲೆ ಒಂಟಿಕಾಲಲ್ಲಿ ನಿಲ್ಲಿ. ಗುಬುಟಿನ ಮೇಲ್ಗಡೆ ಒಂದು ಸ್ನಾಯು ಬಿಗಿಯಾಗುತ್ತದೆ, ಅಲ್ವಾ? ಸೊಂಟದ ಇನ್ನೊಂದು ಬದಿ ಕುಸಿಯದಂತೆ ಹಿಡಿದಿರುವುದು ಅದೇ. ಆ ಸ್ನಾಯು ಸೋತವರು ನಡೆಯುವಾಗ ಸೊಂಟ ಪಕ್ಕಕ್ಕೆ ಬೀಳುತ್ತದೆ. ಇವತ್ತು ನನ್ನ ಬಳಿ ಬರುವವರ ನಡಿಗೆ ನೋಡಿದಾಗ ಮೊದಲು ನೆನಪಾಗುವುದು ಆ ಗುಬುಟು.

ಬೆನ್ನಿನ ಮೂಳೆಗಳು ಚೀಲದ ಆಟಕ್ಕೆ ಹೇಳಿ ಮಾಡಿಸಿದವು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಬಿಡಿ ಮೂಳೆಗಳು. ಎಲ್ಲ ಒಂದೇ ಥರ ಅನ್ನಿಸುತ್ತವೆ. ಆದರೆ ಪಕ್ಕದ ಕೊಂಬಿನಲ್ಲಿ ತೂತು ಸಿಕ್ಕರೆ ಅದು ಕುತ್ತಿಗೆಯದ್ದೇ. ಅದರೊಳಗೆ ಮೆದುಳಿಗೆ ಹೋಗುವ ರಕ್ತನಾಳ ಹಾದು ಹೋಗುತ್ತದೆ. ಬದಿಯಲ್ಲಿ ಪಕ್ಕೆಲುಬು ಕೂರುವ ನುಣುಪಾದ ಜಾಗ ಸಿಕ್ಕರೆ ಎದೆಯದ್ದು. ಎರಡೂ ಇಲ್ಲದೆ ದಪ್ಪಗೆ, ಭಾರವಾಗಿ ಇದ್ದರೆ ಸೊಂಟದ್ದು. ಎಲ್ಲಕ್ಕಿಂತ ಮೇಲಿನದು ಅಟ್ಲಾಸ್, ಬರೀ ಉಂಗುರ. ಅದರ ಕೆಳಗಿನ ಆಕ್ಸಿಸ್‌ಗೆ ಹಲ್ಲಿನಂಥ ಒಂದು ಮೊಳೆ ಇದೆ. ನಾವು "ಇಲ್ಲ" ಎಂದು ತಲೆ ಆಡಿಸುವಾಗ ಉಂಗುರ ಆ ಮೊಳೆಯ ಸುತ್ತ ತಿರುಗುತ್ತದೆ. ಎರಡನ್ನೂ ಕೈಯಲ್ಲಿ ಜೋಡಿಸಿ ಒಮ್ಮೆ ತಿರುಗಿಸಿದೆ. ಆಮೇಲೆ ಅದನ್ನು ಓದಿ ನೆನಪಿಡಬೇಕಾಗಲಿಲ್ಲ.

ತಲೆಬುರುಡೆ ನನಗೆ ಇವತ್ತಿಗೂ ಕಷ್ಟ. 22 ಮೂಳೆಗಳಲ್ಲಿ ಅಲುಗಾಡುವುದು ಕೆಳದವಡೆ ಒಂದೇ. ಉಳಿದವನ್ನು ಬಿಡಿಬಿಡಿಯಾಗಿ ಮುಟ್ಟುವ ಅವಕಾಶ ಸಿಗಲಿಲ್ಲ. ಮಣಿಕಟ್ಟಿನ 8 ಪುಟ್ಟ ಮೂಳೆಗಳಿಗೆ ಪೂರ್ತಿ ಒಂದು ತಿಂಗಳು ಬೇಕಾಯಿತು.

ಮುಂದೋಳಿನ ಪಾಠಕ್ಕೆ ಚೀಲವೂ ಬೇಡ. ಒಂದು ಕೈಯ ಅಂಗೈ ಮೇಲೆ ಮಾಡಿ ಮೇಜಿನ ಮೇಲಿಡಿ. ಮೊಣಕೈ ತುದಿಯಿಂದ ಕಿರುಬೆರಳಿನ ಕಡೆಗೆ ಇನ್ನೊಂದು ಕೈಯಿಂದ ಮೂಳೆಯ ಅಂಚನ್ನು ಸವರುತ್ತಾ ಬನ್ನಿ. ಅದು ಅಲ್ನಾ. ಈಗ ಅಂಗೈ ಬೋರಲು ಮಾಡಿ. ಅಲ್ನಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹೆಬ್ಬೆರಳಿನ ಕಡೆಯ ರೇಡಿಯಸ್ ಅದರ ಮೇಲೆ ದಾಟಿ ಬರುತ್ತದೆ. ಮೊಣಕೈಯಲ್ಲಿ ಅಲ್ನಾ ದೊಡ್ಡದು, ಮಣಿಕಟ್ಟಿನಲ್ಲಿ ರೇಡಿಯಸ್ ದೊಡ್ಡದು. ಕೈ ಊರಿ ಬಿದ್ದಾಗ ರೇಡಿಯಸ್‌ನ ಮಣಿಕಟ್ಟಿನ ತುದಿಯೇ ಜಾಸ್ತಿ ಮುರಿಯುವುದೂ ಇದಕ್ಕೇ. ನೆಲದ ಹೊಡೆತ ಮೊದಲು ತಾಗುವುದು ಅದಕ್ಕೆ.

ತೋಳಿನ ಮೂಳೆ ಹ್ಯೂಮರಸ್‌ನ ಹಿಂಭಾಗದಲ್ಲಿ ಓರೆಯಾಗಿ ಇಳಿಯುವ ಒಂದು ತೋಡು ಇದೆ. ಎಷ್ಟು ಆಳವಿಲ್ಲದ್ದೆಂದರೆ ಕಣ್ಣಿಗೆ ತಪ್ಪಿ ಹೋಗುತ್ತದೆ, ಹೆಬ್ಬೆರಳಿಗೆ ಸಿಗುತ್ತದೆ. ರೇಡಿಯಲ್ ನರ ಮೂಳೆಗೆ ಒತ್ತಿಕೊಂಡು ಅದರಲ್ಲಿ ಇಳಿಯುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಆ ನರದಿಂದಲೇ.

ಕೆಲಸಕ್ಕೆ ಸೇರಿದ ಮೇಲೆ ತೋಳು ಮುರಿದ ಒಬ್ಬ ಮಹಿಳೆ ಬಂದರು. ಕೈ ಮಣಿಕಟ್ಟಿನಲ್ಲಿ ಜೋತು ಬಿದ್ದಿತ್ತು. "ಮುರಿದದ್ದು ಮೇಲೆ, ಕೆಳಗಿನ ಕೈ ಯಾಕೆ ಸತ್ತುಹೋಯಿತು?" ಎಂದು ಅತ್ತರು. ನರಕ್ಕೆ ಪೆಟ್ಟಾಗಿದೆ, ಇಂಥ ಪೆಟ್ಟುಗಳು ಬಹುಪಾಲು ತಾವಾಗಿಯೇ ವಾಸಿಯಾಗುತ್ತವೆ, ಆದರೆ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ ಎಂದೆ. ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಒಳಗೆ ಹೋಗಿ ಹ್ಯೂಮರಸ್ ತಂದು ಅವರ ಒಳ್ಳೆಯ ಕೈಗೆ ಕೊಟ್ಟೆ. ಅವರ ಹೆಬ್ಬೆರಳನ್ನು ಹಿಡಿದು ತೋಡಿನ ಮೇಲೆ ಇಟ್ಟೆ.

ತುಂಬ ಹೊತ್ತು ಸವರಿದರು. ಆಮೇಲೆ ಕೇಳಿದರು, "ನನ್ನ ತೋಳಲ್ಲಿ ಇದು ಎಲ್ಲಿದೆ?" ಪೆನ್ನು ತೆಗೆದುಕೊಂಡು ಚರ್ಮದ ಮೇಲೆ ಗೆರೆ ಎಳೆದೆ. ಅಲ್ಲಿಂದ ಮಣಿಕಟ್ಟಿನ ಸ್ನಾಯುಗಳವರೆಗೆ ಎಷ್ಟು ದೂರ ಅಂತ ಇಬ್ಬರೂ ಸೇರಿ ಟೇಪು ಹಿಡಿದು ಅಳೆದೆವು.